ಮೊಟ್ಟೆಯೊಳಗೆ ದಾರಿ ಹುಡುಕುವ ನರಗಳು

ಕೋಳಿಯನ್ನು ಕಾವಿಗೆ ಕೂರಿಸುವುದು ಕರಾವಳಿಯ ಮನೆಗಳಲ್ಲಿ ಹಿರಿಯ ಹೆಂಗಸರ ಉಸ್ತುವಾರಿಯ ಕೆಲಸ. ಹಳೆಯ ಬುಟ್ಟಿಯೊಂದಕ್ಕೆ ಬೈಹುಲ್ಲು ಹಾಸಿ, ಆರಿಸಿದ ಮೊಟ್ಟೆಗಳನ್ನಿಟ್ಟು, ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಹೇಂಟೆಯನ್ನು ಕೂರಿಸುತ್ತಾರೆ. ಏಳೆಂಟು ದಿನ ಕಳೆದ ಮೇಲೆ ಒಂದೊಂದೇ ಮೊಟ್ಟೆಯನ್ನು ದೀಪದ ಬೆಳಕಿಗೆ ಹಿಡಿದು ನೋಡುವುದುಂಟು. ಒಳಗೆ ಕೆಂಪು ಎಳೆಗಳ ಬಲೆ, ನಡುವೆ ಅಲುಗುವ ಕಪ್ಪು ಚುಕ್ಕೆ ಕಂಡರೆ ಅದು ಮರಿಯಾಗುವ ಮೊಟ್ಟೆ. ಏನೂ ಕಾಣದಿದ್ದರೆ ಅದನ್ನು ತೆಗೆದಿಡುತ್ತಾರೆ. ಇಪ್ಪತ್ತೊಂದನೆಯ ದಿನ ಒಳಗಿನಿಂದ ಚಿಪ್ಪು ಒಡೆಯುವ ಸದ್ದು ಕೇಳುತ್ತದೆ.

ತುಳುನಾಡಿನವರಿಗೆ ಕೋಳಿಯ ಪರಿಚಯ ಹಲವು ಬಗೆಯದು. ಕೋರಿರೊಟ್ಟಿಯ ಊಟದಲ್ಲಿ ಅದು ಬೇಕು. ಕಾಪುವಿನ ಮಾರಿಪೂಜೆಯ ಹರಕೆಗೆ ಬೇಕು. ಕೋಳಿಅಂಕದ ಕಣದಲ್ಲಿ ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂದು ಹೇಳುವ 'ಕುಕ್ಕುಟ ಪಂಚಾಂಗ'ವೇ ಇದೆ. ಇಷ್ಟಾದರೂ ಇದೇ ಹಕ್ಕಿಗೆ ಇನ್ನೊಂದು ಬಾಳು ಇರುವುದು ಹೆಚ್ಚಿನವರಿಗೆ ತಿಳಿಯದು. ಮನುಷ್ಯನ ತಲೆಯೊಳಗಿನ ನರಗಳು ಹುಟ್ಟುವ ಮೊದಲೇ ತಮ್ಮ ತಮ್ಮ ಜಾಗವನ್ನು ಹೇಗೆ ಹುಡುಕಿಕೊಳ್ಳುತ್ತವೆ ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳಲ್ಲಿ ದೊಡ್ಡ ಪಾಲು ಕೋಳಿಮೊಟ್ಟೆಯಿಂದ ಬಂದದ್ದು.

ಪ್ರಶ್ನೆ ಬರೀ ಕುತೂಹಲದ್ದಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಣ್ಣು, ಹೆಚ್ಚಾಗಿ ಎಡಗಣ್ಣು, ಹೊರಗಡೆಗೆ ಎಂದರೆ ಕಿವಿಯ ಕಡೆಗೆ ತಿರುಗುವುದಿಲ್ಲ. ಅದೇ ಕಣ್ಣನ್ನು ಮೂಗಿನ ಕಡೆಗೆ ತಿರುಗಿಸಿದರೆ ಗುಡ್ಡೆ ಒಳಕ್ಕೆ ಸರಿದಂತಾಗಿ ರೆಪ್ಪೆ ಕಿರಿದಾಗುತ್ತದೆ. ನೇರ ನೋಡಬೇಕೆಂದರೆ ಮಗು ಮುಖವನ್ನೇ ಒಂದು ಪಕ್ಕಕ್ಕೆ ವಾಲಿಸಿಕೊಳ್ಳುತ್ತದೆ. ಊರಿನವರು 'ಮೆಳ್ಳೆಗಣ್ಣು' ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗದವರು ತಾಯಿಯನ್ನು ಕೇಳುತ್ತಾರೆ: ಬಸುರಿಯಾಗಿದ್ದಾಗ ಗ್ರಹಣ ನೋಡಿದೆಯಾ, ಹೆದರಿದೆಯಾ, ಏನು ತಿಂದೆ? ವೈದ್ಯರು ಇದನ್ನು ಡ್ಯುಯೇನ್ ಸಿಂಡ್ರೋಮ್ ಎನ್ನುತ್ತಾರೆ. ಅಮೆರಿಕದ ಕಣ್ಣಿನ ವೈದ್ಯ ಅಲೆಕ್ಸಾಂಡರ್ ಡ್ಯುಯೇನ್ 1905ರಲ್ಲಿ ಇಂತಹ 54 ರೋಗಿಗಳನ್ನು ಒಟ್ಟಿಗೆ ವಿವರಿಸಿದ್ದರಿಂದ ಆ ಹೆಸರು. ಅವನಿಗೂ ಅವನ ನಂತರದ ಬಹಳ ಮಂದಿಗೂ ಇದು ಕಣ್ಣಿನ ಸ್ನಾಯುವಿನ ದೋಷವೆಂದೇ ತೋರಿತ್ತು. 1980ರ ಸುಮಾರಿಗೆ, ಇಂತಹ ಕಣ್ಣಿದ್ದ ವ್ಯಕ್ತಿಗಳು ತೀರಿಕೊಂಡ ಮೇಲೆ ನಡೆದ ಶವಪರೀಕ್ಷೆಗಳಲ್ಲಿ ನಿಜ ಬಯಲಾಯಿತು. ಕಣ್ಣನ್ನು ಹೊರಗೆ ತಿರುಗಿಸುವ ಸ್ನಾಯುವಿಗೆ ಬರಬೇಕಾದ ನರ ಬಂದೇ ಇರಲಿಲ್ಲ. ಆ ಜಾಗಕ್ಕೆ ಬೇರೊಂದು ಸ್ನಾಯುವಿನ ನರದ ಕವಲು ಬಂದು ಸೇರಿತ್ತು.

ಉಡುಪಿಯ ಬಸ್‌ಸ್ಟ್ಯಾಂಡಿನ ಮಾತಿನಲ್ಲಿ ಹೇಳುವುದಾದರೆ, ಕಾಪುವಿಗೆ ಹೋಗಬೇಕಾದ ಬಸ್ಸು ಹೊರಡಲೇ ಇಲ್ಲ; ಅದಕ್ಕಾಗಿ ಕಾದು ನಿಂತವರನ್ನು ಕಾರ್ಕಳದ ಬಸ್ಸು ಹತ್ತಿಸಿಕೊಂಡಿತು. ಆಮೇಲೆ ಚಾಲಕ ಏನು ಮಾಡಿದರೂ ಆ ಜನ ಕಾಪು ಸೇರುವುದಿಲ್ಲ.

ಈ ಬಸ್ಸುಗಳ ಲೆಕ್ಕ ವೈದ್ಯ ವಿದ್ಯಾರ್ಥಿಗಳಿಗೆ ಬಾಯಿಪಾಠ. ಮಿದುಳಿನಿಂದ ನೇರವಾಗಿ ಹೊರಡುವ ಕಪಾಲನರಗಳು ಹನ್ನೆರಡು ಜೊತೆ. ಮೊದಲನೆಯದು ವಾಸನೆಗೆ, ಎರಡನೆಯದು ನೋಟಕ್ಕೆ. ಮೂರು, ನಾಲ್ಕು, ಆರು ಕಣ್ಣನ್ನು ಅತ್ತಿತ್ತ ಹೊರಳಿಸಲಿಕ್ಕೆ. ಐದನೆಯದು ಮುಖದ ಸ್ಪರ್ಶಕ್ಕೂ ಅಗಿಯುವುದಕ್ಕೂ, ಏಳನೆಯದು ಮುಖಭಾವಕ್ಕೆ, ಎಂಟನೆಯದು ಕಿವಿಗೆ. ಉಳಿದವು ಗಂಟಲು, ನಾಲಿಗೆ, ಹೆಗಲು ಮತ್ತು ಎದೆ-ಹೊಟ್ಟೆಯ ಒಳ ಅಂಗಗಳಿಗೆ. ಗ್ರೀಕ್ ವೈದ್ಯ ಗೇಲನ್ ಏಳು ಜೊತೆ ಎಂದು ಎಣಿಸಿದ್ದ. ಇಂದಿನ ಹನ್ನೆರಡರ ಲೆಕ್ಕ 1778ರಲ್ಲಿ ಸೋಮರಿಂಗ್ ಎಂಬ ಜರ್ಮನ್ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಕೊಟ್ಟದ್ದು.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಾಗ ಅಲ್ಲಿಗೆ ಬಂದ ಮೊದಲ ತಂಡದವರೂ ಈ ಹನ್ನೆರಡನ್ನು ಉರು ಹೊಡೆದೇ ಮುಂದೆ ಹೋಗಿರಬೇಕು. ಅಲ್ಲಿನ ಅಂಗರಚನಾಶಾಸ್ತ್ರ ವಸ್ತುಸಂಗ್ರಹಾಲಯವನ್ನು ಉಡುಪಿಗೆ ಬಂದ ಶಾಲಾಮಕ್ಕಳೂ ಪ್ರವಾಸಿಗಳೂ ನೋಡಿಹೋಗುತ್ತಾರೆ. ಗಾಜಿನ ಜಾಡಿಗಳಲ್ಲಿ ಬೇರೆ ಬೇರೆ ತಿಂಗಳುಗಳ ಭ್ರೂಣಗಳನ್ನು ಸಾಲಾಗಿ ಇಟ್ಟಿರುವ ಕಡೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆದರೆ ಜಾಡಿ ತೋರಿಸುವುದು ನಿಂತುಹೋದ ಒಂದು ಕ್ಷಣವನ್ನು ಮಾತ್ರ. ಆರನೆಯ ನರ ಹೊರಟದ್ದು ಯಾವಾಗ, ಯಾವ ತಿರುವಿನಲ್ಲಿ ಎತ್ತ ಹೊರಳಿತು, ಏಕೆ ಎಂಬುದು ಆ ಜಾಡಿಗಳಿಂದ ಗೊತ್ತಾಗುವಂಥದ್ದಲ್ಲ. ಮನುಷ್ಯ ಭ್ರೂಣದಲ್ಲಿ ಇದೆಲ್ಲ ನಡೆಯುವುದು ನಾಲ್ಕನೆಯ ಮತ್ತು ಎಂಟನೆಯ ವಾರಗಳ ನಡುವೆ. ಎಷ್ಟೋ ಸಲ ತಾನು ಬಸುರಿ ಎಂಬುದೇ ತಾಯಿಗೆ ಖಚಿತವಾಗಿರದ ದಿನಗಳವು. ಅಲ್ಲಿ ಇಣುಕುವ ದಾರಿಯಿಲ್ಲ. ಕೋಳಿಮೊಟ್ಟೆಗೆ ಮಾತ್ರ ಕಿಟಕಿ ಕೊರೆಯಬಹುದು.

ಕಿಟಕಿ ತೆರೆದವರು

ಗರ್ಭದಲ್ಲಿ ಯಾವ ಅಂಗ ಮೊದಲು ಮೂಡುತ್ತದೆ ಎಂಬ ಜಗಳ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಅದರ ವರದಿಯೇ ಇದೆ. ತಲೆ ಮೊದಲು ಎಂದು ಶೌನಕ, ಹೃದಯ ಎಂದು ಕೃತವೀರ್ಯ, ಹೊಕ್ಕಳು ಎಂದು ಪಾರಾಶರ್ಯ, ಕೈಕಾಲು ಎಂದು ಮಾರ್ಕಂಡೇಯ, ನಡುಮೈ ಎಂದು ಗೌತಮ. ಕೊನೆಯಲ್ಲಿ ಧನ್ವಂತರಿಯ ತೀರ್ಪು: ಎಲ್ಲವೂ ಒಟ್ಟಿಗೇ ಮೂಡುತ್ತವೆ, ತೀರ ಸೂಕ್ಷ್ಮವಾದ್ದರಿಂದ ಕಾಣುವುದಿಲ್ಲ. ಅದಕ್ಕೆ ಕೊಟ್ಟ ಹೋಲಿಕೆ ಮಾವಿನಕಾಯಿಯದು. ಎಳೆಯ ಮಿಡಿಯಲ್ಲಿ ನಾರು, ತಿರುಳು, ಗೊರಟುಗಳನ್ನು ಬೇರೆ ಬೇರೆಯಾಗಿ ಕಾಣಲಾಗದು, ಹಣ್ಣಾದಾಗ ಕಾಣುತ್ತವೆ. ಹೋಲಿಕೆ ಸೊಗಸಾಗಿದೆ. ವಾದವನ್ನು ಕಣ್ಣಿನಿಂದ ತೀರ್ಮಾನಿಸುವ ಉಪಾಯ ಮಾತ್ರ ಆಗ ಇರಲಿಲ್ಲ.

ಗ್ರೀಸಿನ ಅರಿಸ್ಟಾಟಲ್ ಈ ವಿಷಯದಲ್ಲಿ ಹಳ್ಳಿಯ ಹೆಂಗಸರ ಹಾದಿ ಹಿಡಿದ. ಕಾವಿಗಿಟ್ಟ ಮೊಟ್ಟೆಗಳನ್ನು ಒಡೆದು ನೋಡಿ, ಮೂರು ದಿನ ಕಳೆದಾಗ ಬಿಳಿಯ ಭಾಗದಲ್ಲಿ ನೆತ್ತರಿನ ಚುಕ್ಕೆಯಂತೆ ಹೃದಯ ಮಿಡಿಯುವುದನ್ನು ಬರೆದಿಟ್ಟ. ಅಲ್ಲಿಂದ ಮುಂದೆ ಎರಡು ಸಾವಿರ ವರ್ಷ ಕಳೆದು, 1670ರ ದಶಕದಲ್ಲಿ ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದ ಕೆಳಗೆ ಕೋಳಿಭ್ರೂಣವಿಟ್ಟು ಚಿತ್ರ ಬರೆದ. 1828ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಅದರ ಬೆಳವಣಿಗೆಯನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸಿದ. ಹಿಂಮಿದುಳಿನ ಇಕ್ಕೆಲದಲ್ಲಿ ಸಾಲು ಉಬ್ಬುಗಳಿರುವುದನ್ನೂ ಅವನು ಕಂಡಿದ್ದ. ಅವು ಏನು ಎಂದು ತಿಳಿಯಲು ನೂರಅರವತ್ತು ವರ್ಷ ಹಿಡಿಯಿತು. ಆ ಮಾತು ಮುಂದೆ ಬರುತ್ತದೆ. ಉಡುಪಿ, ಕಾರ್ಕಳದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಇಪ್ಪತ್ತನಾಲ್ಕು ಗಂಟೆ, ನಲವತ್ತೆಂಟು ಗಂಟೆ, ಎಪ್ಪತ್ತೆರಡು ಗಂಟೆಯ ಕೋಳಿಭ್ರೂಣದ ಸ್ಲೈಡುಗಳು ನೆನಪಿದ್ದಾವು. ಆ ಗುಲಾಬಿ ಬಣ್ಣದ ಬಾಗಿದ ಆಕೃತಿಯನ್ನು ಪರೀಕ್ಷೆಗಾಗಿ ಚಿತ್ರಿಸಿದವರೆಲ್ಲ ಈ ಪರಂಪರೆಯವರೇ.

ನರಗಳ ಕಥೆ ಶುರುವಾಗುವುದು ಬಣ್ಣದಿಂದ. ನರಕೋಶಗಳು ಸೂಕ್ಷ್ಮದರ್ಶಕದ ಕೆಳಗೂ ಸಿಕ್ಕುಬಿದ್ದ ಬಲೆಯ ರಾಶಿಯಂತೆ ಕಾಣುತ್ತವೆ. ಯಾವ ಎಳೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ತಿಳಿಯದು. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ಕೆಲವೇ ಕೆಲವು ಕೋಶಗಳನ್ನು ತುದಿಯಿಂದ ತುದಿಗೆ ಕಪ್ಪಾಗಿಸುವ ಕ್ರಮ ಕಂಡುಹಿಡಿದ. ಅದನ್ನು ಎತ್ತಿಕೊಂಡವನು ಸ್ಪೇನಿನ ಸಾಂತಿಯಾಗೋ ರಮೋನ್ ಇ ಕಾಹಾಲ್. ಬಲಿತ ಮಿದುಳು ದಟ್ಟ ಕಾಡು, ಭ್ರೂಣದ ಮಿದುಳು ಎಳೆಯ ಸಸಿಗಳ ತೋಟ. ತೋಟದಲ್ಲಿ ಒಂದೊಂದು ಗಿಡವನ್ನೂ ಬಿಡಿಯಾಗಿ ನೋಡಬಹುದು ಎಂಬ ಸರಳ ವಿಚಾರ ಅವನಿಗೆ ಹೊಳೆಯಿತು. ಕೋಳಿಭ್ರೂಣ ಅವನ ಕೈಗೆ ಸುಲಭವಾಗಿ ಸಿಗುವ ವಸ್ತು. 1890ರಲ್ಲಿ ಅದರ ಬೆನ್ನುಹುರಿಯಲ್ಲಿ ಬೆಳೆಯುತ್ತಿರುವ ನರತಂತುವಿನ ತುದಿ ಸಣ್ಣ ಶಂಕುವಿನಂತೆ ಹರಡಿಕೊಂಡಿರುವುದನ್ನು ಕಂಡು 'ಬೆಳವಣಿಗೆಯ ಶಂಕು' ಎಂದು ಕರೆದ. ಅವನು ನೋಡಿದ್ದೆಲ್ಲ ಸತ್ತ, ಕಪ್ಪಾದ ಅಂಗಾಂಶ. ಆದರೂ ಆ ಶಂಕು ತಡವರಿಸುತ್ತ, ಅಡ್ಡಿಯನ್ನು ಸರಿಸುತ್ತ ಮುಂದೆ ನುಗ್ಗುವ ಜೀವಂತ ವಸ್ತು ಎಂದೂ, ಅದನ್ನು ಕರೆಯುವ ರಾಸಾಯನಿಕಗಳಿರಬೇಕೆಂದೂ ಊಹಿಸಿದ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರಕೋಶ ಒಂದು ತೊಟ್ಟು ದ್ರವದಲ್ಲಿ ಎಳೆ ಚಾಚುವುದನ್ನು ಕಣ್ಣಾರೆ ಕಂಡು ಆ ಊಹೆಯ ಮೊದಲರ್ಧವನ್ನು ನಿಜಮಾಡಿದ. ಗಾಲ್ಜಿ ಮತ್ತು ಕಾಹಾಲ್ 1906ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. ಗಾಲ್ಜಿ ಆ ವೇದಿಕೆಯ ಮೇಲೂ ಕಾಹಾಲನ ಸಿದ್ಧಾಂತವನ್ನು ಒಪ್ಪಲಿಲ್ಲ. ವಿದ್ವಾಂಸರ ಹಟಕ್ಕೆ ದೇಶಭೇದವಿಲ್ಲ.

ಈ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ನೆನೆಯಬೇಕಾದವರು ರೀತಾ ಲೆವಿ-ಮೊಂಟಾಲ್ಚಿನಿ. ಇಟಲಿಯ ಟ್ಯೂರಿನ್ ನಗರದ ಯೆಹೂದಿ ಮನೆತನದ ಈ ವೈದ್ಯೆಗೆ ಮುಸೊಲಿನಿ ಸರಕಾರದ 1938ರ ಜನಾಂಗೀಯ ಕಾನೂನು ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಅವರು ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಸಣ್ಣದೊಂದು ಕಾವುಪೆಟ್ಟಿಗೆ, ಒಂದು ಸೂಕ್ಷ್ಮದರ್ಶಕ, ಹೊಲಿಗೆ ಸೂಜಿಗಳನ್ನು ಮಸೆದು ಮಾಡಿದ ಚೂರಿಗಳು, ಮತ್ತು ಮೊಟ್ಟೆ. ಬಾಂಬ್ ದಾಳಿ ಜೋರಾದಾಗ ಮನೆಯವರೆಲ್ಲ ಹಳ್ಳಿಗೆ ಓಡಿದರು. ಪ್ರಯೋಗವೂ ಅಲ್ಲಿಗೆ ಹೋಯಿತು. ಗುಡ್ಡದಿಂದ ಗುಡ್ಡಕ್ಕೆ ಸೈಕಲ್ ತುಳಿದು ರೈತರ ಮನೆಗಳಲ್ಲಿ ಮೊಟ್ಟೆ ಬೇಡುತ್ತಿದ್ದರು. ಹುಂಜ ಇರುವ ಮನೆಯ ಮೊಟ್ಟೆಯೇ ಏಕೆ ಬೇಕು ಎಂದು ಕೇಳಿದವರಿಗೆ, ಮಕ್ಕಳಿಗೆ ಅದು ಹೆಚ್ಚು ಪುಷ್ಟಿ ಎಂದು ಹೇಳುತ್ತಿದ್ದರಂತೆ. ಮಕ್ಕಳು ಇರಲಿಲ್ಲ. ರೆಕ್ಕೆಯ ಮೊಳಕೆ ಕತ್ತರಿಸಿದ ಭ್ರೂಣದಲ್ಲಿ ನರಕೋಶಗಳು ಹುಟ್ಟುತ್ತವೆ, ಆದರೆ ಹೋಗಿ ಸೇರಲು ಜಾಗ ಸಿಗದೆ ಸಾಯುತ್ತವೆ ಎಂಬುದು ಆ ಕೋಣೆಯಲ್ಲಿ ಕಂಡ ಸತ್ಯ. ಅದೇ ಬಗೆಯ ಪ್ರಯೋಗವನ್ನು 1934ರಲ್ಲೇ ಪ್ರಕಟಿಸಿದ್ದ ವಿಕ್ಟರ್ ಹ್ಯಾಂಬರ್ಗರ್, ಯುದ್ಧ ಮುಗಿದ ಮೇಲೆ ಅವರನ್ನು ಅಮೆರಿಕದ ಸೇಂಟ್ ಲೂಯಿಗೆ ಕರೆಸಿಕೊಂಡರು. 1947ರಲ್ಲಿ ಹೋದವರು ದಶಕಗಳ ಕಾಲ ಅಲ್ಲೇ ದುಡಿದರು. ನರಗಳನ್ನು ಬದುಕಿಸುವ ಬೆಳವಣಿಗೆ ದ್ರವ್ಯವನ್ನು ಕಂಡುಹಿಡಿದದ್ದಕ್ಕೆ 1986ರಲ್ಲಿ ಸ್ಟಾನ್ಲಿ ಕೋಹೆನ್ ಜೊತೆ ನೊಬೆಲ್ ಬಂತು. ಕಪಾಲನರಗಳಿಗೂ ಅವರ ಋಣವಿದೆ: ಕಿವಿಯ ನರ ಬಂದು ಸೇರದಿದ್ದರೆ ಮಿದುಳಿನ ಶ್ರವಣಕೇಂದ್ರಗಳ ಗತಿ ಏನಾಗುತ್ತದೆ ಎಂಬುದನ್ನು 1949ರಲ್ಲಿ ಕೋಳಿಭ್ರೂಣದಲ್ಲೇ ತೋರಿಸಿದ್ದರು.

ಹ್ಯಾಂಬರ್ಗರ್ ಇನ್ನೊಂದು ಉಪಕಾರ ಮಾಡಿದರು. 1951ರಲ್ಲಿ ಹ್ಯಾಮಿಲ್ಟನ್ ಜೊತೆಗೂಡಿ ಕೋಳಿಭ್ರೂಣದ ಇಪ್ಪತ್ತೊಂದು ದಿನವನ್ನು 46 ಹಂತಗಳಾಗಿ ವಿಂಗಡಿಸಿದರು. ಕಾವು ಹೆಚ್ಚುಕಡಿಮೆಯಾದರೆ ಗಂಟೆಯ ಲೆಕ್ಕ ತಪ್ಪುತ್ತದೆ. ರೂಪದ ಲೆಕ್ಕ ತಪ್ಪುವುದಿಲ್ಲ. ಯಾವ ದೇಶದ ಪ್ರಯೋಗಶಾಲೆಯಲ್ಲಾದರೂ 'ಹದಿನೆಂಟನೆಯ ಹಂತ' ಎಂದರೆ ಇಂದಿಗೂ ಒಂದೇ ಅರ್ಥ.

ಫೋಟೋ ಫಿಲ್ಮಿನಿಂದ ಬಂದ ಬಣ್ಣ

ಬೆಳ್ಳಿಯ ಕಪ್ಪು ಬಣ್ಣಕ್ಕೆ ಒಂದು ದೊಡ್ಡ ಕೊರತೆಯಿತ್ತು. ಯಾವ ಕೋಶ ಕಪ್ಪಾಗುತ್ತದೆ ಎಂಬುದು ಅದೃಷ್ಟದ ಮಾತು. ಈ ನರವೇ, ಈ ಎಳೆಯೇ ಬೇಕು ಎಂದು ಹಿಡಿದು ಬಣ್ಣ ಹಾಕುವ ಉಪಾಯ ಬೇಕಿತ್ತು. 1925ರ ಹೊತ್ತಿಗೆ ಜರ್ಮನಿಯ ವಾಲ್ಟರ್ ಫೋಗ್ಟ್, ಜೀವಂತ ಕಪ್ಪೆ-ಸಲಮಾಂಡರ್ ಭ್ರೂಣಗಳ ಹೊರಮೈಗೆ ನೀಲಿ, ಕೆಂಪು ಬಣ್ಣದ ಚೂರುಗಳನ್ನು ಒತ್ತಿ, ಯಾವ ತೇಪೆ ಮುಂದೆ ಯಾವ ಅಂಗವಾಗುತ್ತದೆಂದು ನಕ್ಷೆ ಬರೆದಿದ್ದ. ನರದೊಳಕ್ಕೆ ಆ ಬಣ್ಣಗಳು ಹರಿಯಲಿಲ್ಲ.

1970ರ ದಶಕದಲ್ಲಿ ಒಂದು ದಾರಿ ಸಿಕ್ಕಿತು. ಯುರೋಪಿನ ಅಡುಗೆಯಲ್ಲಿ ತುರಿದು ಬಳಸುವ ಹಾರ್ಸ್‌ರ‍್ಯಾಡಿಷ್ ಎಂಬ ಖಾರದ ಬೇರಿನಿಂದ ತೆಗೆದ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ನರದ ತುದಿಗೆ ಕೊಟ್ಟರೆ, ನರ ಅದನ್ನು ಹೀರಿಕೊಂಡು ತನ್ನ ಮೂಲಕೋಶದವರೆಗೆ ಸಾಗಿಸುತ್ತದೆ. (ಆ ಬೇರಿನ ಘಾಟನ್ನು ನೆನಪಿಸುವುದೆಂದೇ ಬ್ರಿಟಿಷರು ನಮ್ಮ ನುಗ್ಗೆಮರಕ್ಕೆ ಹಾರ್ಸ್‌ರ‍್ಯಾಡಿಷ್ ಮರ ಎಂದು ಹೆಸರಿಟ್ಟರು. ಎರಡಕ್ಕೂ ಹತ್ತಿರದ ನಂಟಿಲ್ಲ.) 1972ರಲ್ಲಿ ಲಾವೇಲ್ ದಂಪತಿಗಳು ಕೋಳಿಮರಿಯ ಕಣ್ಣಿಗೆ ಇದನ್ನು ಚುಚ್ಚಿ, ಮಿದುಳಿನಲ್ಲಿ ಅದು ಬಂದು ಸೇರಿದ ಕೋಶಗಳನ್ನು ತೋರಿಸಿದರು. 1980ರಲ್ಲಿ ಲ್ಯಾನ್ಸ್-ಜೋನ್ಸ್ ಮತ್ತು ಲ್ಯಾಂಡ್‌ಮೆಸ್ಸರ್ ಎಂಬ ಇಬ್ಬರು ಮಹಿಳೆಯರು ಇನ್ನೂ ಧೈರ್ಯದ ಕೆಲಸ ಮಾಡಿದರು. ಕೋಳಿಭ್ರೂಣದ ಬೆನ್ನುಹುರಿಯ ಒಂದು ತುಂಡನ್ನು ತೆಗೆದು ಹಿಂದುಮುಂದಾಗಿ ತಿರುಗಿಸಿ ಕೂರಿಸಿದರು. ನರಗಳು ಅಡ್ಡದಾರಿ ಹಿಡಿದು, ಸುತ್ತಿ ಬಳಸಿ, ಕಾಲಿನ ತಮ್ಮ ತಮ್ಮ ಸ್ನಾಯುಗಳನ್ನೇ ಹೋಗಿ ಸೇರಿದವು! ಊರು ಬದಲಾದರೂ ವಿಳಾಸ ಮರೆಯದ ಅಂಚೆಯವನ ಹಾಗೆ.

ಇಷ್ಟಾದರೂ ಕಿಣ್ವದ ಕ್ರಮದಲ್ಲಿ ಕೊನೆಗೆ ಅಂಗಾಂಶವನ್ನು ಕೊಯ್ದು, ರಾಸಾಯನಿಕ ಹಾಕಿ ಕಂದು ಬಣ್ಣ ಬರಿಸಬೇಕು. ಬದುಕಿರುವಾಗಲೇ ಬೆಳಗುವ ಬಣ್ಣ ಬಂದದ್ದು ಯಾರೂ ಎಣಿಸದ ಕಡೆಯಿಂದ, ಫೋಟೋಗ್ರಫಿಯಿಂದ. ನೂರು ವರ್ಷದ ಹಿಂದಿನ ಮದುವೆಯ ಫೋಟೋಗಳಲ್ಲಿ ಹೆಂಗಸರ ಹಣೆಯ ಕುಂಕುಮ ಕಪ್ಪಾಗಿ ಕಾಣುವುದನ್ನು ಗಮನಿಸಿದ್ದೀರಷ್ಟೆ? ಆ ಕಾಲದ ಫೋಟೋ ಫಲಕಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. 1873ರಲ್ಲಿ ಜರ್ಮನಿಯ ಫೋಗೆಲ್, ಫಲಕಕ್ಕೆ ಕೆಲವು ಬಣ್ಣಗಳನ್ನು ಸೇರಿಸಿದರೆ ಅದರ ಕುರುಡು ಕಡಿಮೆಯಾಗುತ್ತದೆ ಎಂದು ಕಂಡುಕೊಂಡ. ಆ ಕೆಲಸಕ್ಕೆ ಮುಂದೆ ಅತ್ಯಂತ ಒದಗಿ ಬಂದ ಕುಟುಂಬವೇ ಸಯನೈನ್ ಬಣ್ಣಗಳು. ಅದೇ ಕುಟುಂಬದ ಒಂದು ಕುಡಿಗೆ ವಿಜ್ಞಾನಿಗಳು 'ಡೈ-ಐ' ಎಂದು ಹೆಸರಿಟ್ಟಿದ್ದಾರೆ. ಪೂರ್ಣ ಹೆಸರು ಒಂದು ಸಾಲಿಗೂ ಮೀರಿದ್ದು. ಓದುಗರಿಗೆ ಆ ಶಿಕ್ಷೆ ಬೇಡ.

ಈ ಅಣುವಿಗೆ ಎಣ್ಣೆಯಂಥ ಎರಡು ಉದ್ದನೆಯ ಬಾಲಗಳಿವೆ. ಜೀವಕೋಶದ ಹೊರಪೊರೆಯೂ ಕೊಬ್ಬಿನದ್ದೇ. ಬಾಲಗಳು ಆ ಪೊರೆಯಲ್ಲಿ ನಾಟಿಕೊಳ್ಳುತ್ತವೆ. ನೀರಿಗೆ ಬಿಡುವುದಿಲ್ಲ, ಪಕ್ಕದ ಕೋಶಕ್ಕೆ ಸುಲಭವಾಗಿ ದಾಟುವುದಿಲ್ಲ. ಕಾಗದದ ಮೇಲೆ ಬಿದ್ದ ಎಣ್ಣೆಯ ಹನಿ ಹರಡುವಂತೆ ಅದೇ ಪೊರೆಯ ಉದ್ದಕ್ಕೂ ಮೆಲ್ಲನೆ ಹರಡುತ್ತವೆ. ಹಸಿರು ಬೆಳಕು ಬಿಟ್ಟರೆ ಆ ಎಳೆಯಷ್ಟೇ ಕಿತ್ತಳೆ-ಕೆಂಪಾಗಿ ಹೊಳೆಯುತ್ತದೆ. ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದ ಬೆಳಕನ್ನು ಉಗುಳುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಬ್ಯಾಂಕಿನಲ್ಲಿ ನೋಟಿನ ಅಸಲಿತನ ನೋಡಲು ನೇರಳಾತೀತ ದೀಪ ಹಾಕಿದಾಗ ಅದರ ಸಂಖ್ಯೆಗಳು ಬೆಳಗುವುದೂ ಇದೇ ಗುಣದಿಂದ. 1986ರಲ್ಲಿ ಮಾರ್ಸಿಯಾ ಹೋನಿಗ್ ಮತ್ತು ರಿಚರ್ಡ್ ಹ್ಯೂಮ್, ಡೈ-ಐ ಬಣ್ಣ ಹಚ್ಚಿದ ಭ್ರೂಣದ ನರಕೋಶಗಳು ವಾರಗಟ್ಟಲೆ ಸಾಯದೆ ಬೆಳೆಯುತ್ತವೆ ಎಂದು ತೋರಿಸಿದರು. ಮರುವರ್ಷವೇ ಗೋಡ್ಮೆಂಟ್ ಮತ್ತು ಸಂಗಡಿಗರು ಇನ್ನೊಂದು ಬೆರಗನ್ನು ಮುಂದಿಟ್ಟರು. ರಾಸಾಯನಿಕದಲ್ಲಿ ಕೆಡದಂತೆ ಇಟ್ಟ, ಸತ್ತ ಅಂಗಾಂಶದಲ್ಲಿಯೂ ಈ ಬಣ್ಣ ನರದ ಪೊರೆಯ ಮೇಲೆ ಹರಿಯುತ್ತದೆ. ನಿಧಾನವಾಗಿ, ಕೆಲವು ಮಿಲಿಮೀಟರಿಗೆ ವಾರಗಳೇ ಬೇಕು, ಆದರೆ ಹರಿಯುತ್ತದೆ.

ಪ್ರಯೋಗ ನಡೆಯುವ ಬಗೆ ಇದು. ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ ಎರಡು ಮೂರು ದಿನ ಕಾವಿನಲ್ಲಿಡುತ್ತಾರೆ. ಸೂಜಿಯಿಂದ ಸ್ವಲ್ಪ ಲೋಳೆ ಎಳೆದು ತೆಗೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಮೇಲೆ ಕತ್ತರಿಯಿಂದ ಕಿಟಕಿ ತೆರೆಯುತ್ತಾರೆ. ಭ್ರೂಣ ಗಾಜಿನಂತೆ ಪಾರದರ್ಶಕ, ಹಳದಿಯ ಮೇಲೆ ಕಾಣುವುದಿಲ್ಲ. ಅದರ ಕೆಳಕ್ಕೆ ಕರಿಯ ಇಂಡಿಯಾ ಇಂಕ್ ಬಿಟ್ಟಾಗ ರೂಪ ಎದ್ದು ನಿಲ್ಲುತ್ತದೆ. ಕೂದಲಿಗಿಂತ ಸಪೂರವಾಗಿ ಎಳೆದ ಗಾಜಿನ ನಳಿಕೆಯಿಂದ ಡೈ-ಐ ದ್ರಾವಣದ ಒಂದು ಕಣವನ್ನು ಬೇಕಾದ ಜಾಗಕ್ಕೆ ಮುಟ್ಟಿಸಿ, ಕಿಟಕಿಗೆ ಟೇಪು ಅಂಟಿಸಿ, ಮೊಟ್ಟೆಯನ್ನು ಮತ್ತೆ ಕಾವಿಗಿಡುತ್ತಾರೆ. ಮಿದುಳಿನೊಳಗಿನ ಕೋಶಕ್ಕೆ ಬಣ್ಣ ಕೊಟ್ಟರೆ ಅದು ಚಾಚಿದ ಎಳೆಯ ತುದಿಯವರೆಗೆ ಹೋಗುತ್ತದೆ. ಕಣ್ಣಿನ ಸ್ನಾಯುವಿನ ಬಳಿಯ ನರಕ್ಕೆ ಕೊಟ್ಟರೆ ಹಿಂದಕ್ಕೆ ಹರಿದು ಮಿದುಳಿನ ಯಾವ ಕೋಶದಿಂದ ಅದು ಹೊರಟಿತೆಂದು ತೋರಿಸುತ್ತದೆ. ಎರಡು ನರಕ್ಕೆ ಎರಡು ಬಣ್ಣ, ಕೆಂಪು ಮತ್ತು ಹಸಿರು. ಪ್ರಾಣಿಹಿಂಸೆಯ ವಿಚಾರ ಓದುಗರಿಗೆ ಬಂದರೆ ಅದು ಸಹಜ. ಹೆಚ್ಚಿನ ಇಂತಹ ಪ್ರಯೋಗಗಳು ಮೊದಲ ಐದಾರು ದಿನಗಳಲ್ಲಿ ಮುಗಿಯುತ್ತವೆ. ನಾಲ್ಕನೆಯ ದಿನದ ಸುಮಾರಿಗೇ ಭ್ರೂಣ ತಲೆ ಬಾಗಿಸಿ ಅಲುಗುತ್ತದೆ, ಆದರೆ ಮುಟ್ಟಿದ್ದಕ್ಕೆ ಅಲುಗುವುದು ಏಳನೆಯ ದಿನದ ಸುಮಾರಿಗೆ ಮಾತ್ರ ಎಂದು 1885ರಲ್ಲೇ ಪ್ರೈಯರ್ ಗುರುತಿಸಿದ್ದ. ಆ ಮೊದಲ ದಿನಗಳಲ್ಲಿ ನರಗಳು ಇನ್ನೂ ದಾರಿ ಹಾಕುತ್ತಿರುತ್ತವೆ, ಸುದ್ದಿ ಒಯ್ಯುತ್ತಿರುವುದಿಲ್ಲ.

ಹೀಗೆ ಬೆಳಕು ಬಿದ್ದಾಗ ಫಾನ್ ಬೇರ್ ಕಂಡ ಉಬ್ಬುಗಳಿಗೆ ಅರ್ಥ ಬಂತು. 1989ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಲಮ್ಸ್‌ಡೆನ್ ಮತ್ತು ರೋಜರ್ ಕೀನ್ಸ್, ಕೋಳಿಭ್ರೂಣದ ಹಿಂಮಿದುಳು ಬಿದಿರಿನ ಗಿಣ್ಣುಗಳಂತೆ ಖಂಡಖಂಡವಾಗಿ ಕಟ್ಟಲ್ಪಟ್ಟಿದೆ ಎಂದು ತೋರಿಸಿದರು. ಎರಡನೆಯ ಮತ್ತು ಮೂರನೆಯ ಖಂಡಗಳ ಕೋಶಗಳಿಂದ ಐದನೆಯ ಕಪಾಲನರದ ಚಾಲಕ ಭಾಗ, ನಾಲ್ಕು-ಐದರಿಂದ ಏಳನೆಯ ನರ, ಆರು-ಏಳರಿಂದ ಒಂಬತ್ತನೆಯ ನರ. ಹೊರಬೀಳುವ ಬಾಗಿಲು ಮಾತ್ರ ಸಮಸಂಖ್ಯೆಯ ಖಂಡಗಳಲ್ಲಿ. ಕಣ್ಣನ್ನು ಹೊರಗೆ ತಿರುಗಿಸುವ ಆರನೆಯ ನರ ಕೋಳಿಯಲ್ಲಿ ಐದು ಮತ್ತು ಆರನೆಯ ಖಂಡಗಳದ್ದು. ಮರುವರ್ಷ ಸ್ಕಾಟ್ ಫ್ರೇಸರ್ ಇವರ ಜೊತೆ ಸೇರಿ, ಒಂದೇ ಒಂದು ಕೋಶಕ್ಕೆ ಪ್ರತಿದೀಪ್ತ ಬಣ್ಣ ಚುಚ್ಚಿ ನೋಡಿದಾಗ, ಗಡಿ ಮೂಡಿದ ಮೇಲೆ ಹುಟ್ಟಿದ ಮರಿಕೋಶಗಳು ತಮ್ಮ ಖಂಡದ ಗಡಿ ದಾಟಲಿಲ್ಲ. ಇದಕ್ಕೂ ಮೊದಲೇ ಫ್ರಾನ್ಸಿನ ನಿಕೋಲ್ ಲೆ ದುವಾರಿನ್ 1969ರಿಂದ ಬಣ್ಣವೇ ಇಲ್ಲದೆ ಇಂಥದೊಂದು ಜಾಡು ಹಿಡಿದಿದ್ದರು. ಗೌಜಲಕ್ಕಿಯ ಹತ್ತಿರದ ಬಳಗವಾದ ಕ್ವೇಲ್ ಹಕ್ಕಿಯ ಭ್ರೂಣದ ಚೂರನ್ನು ಕೋಳಿಭ್ರೂಣಕ್ಕೆ ಕಸಿಮಾ‌ಡಿ, ಕೋಶಕೇಂದ್ರದ ಗುರುತಿನಿಂದಲೇ ಯಾರು ಎಲ್ಲಿಗೆ ವಲಸೆ ಹೋದರೆಂದು ಪತ್ತೆಹಚ್ಚಿದರು.

ಅಂದಹಾಗೆ, ಈ ಪ್ರಯೋಗಶಾಲೆಗಳ ಬಿಳಿಯ ಲೆಗ್‌ಹಾರ್ನ್ ಕೋಳಿಗೆ ನಮ್ಮ ಘಟ್ಟದ ಸಂಬಂಧ ಸ್ವಲ್ಪ ಇದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ನಿಜ. ಆದರೆ ಅದರ ಹಳದಿ ಚರ್ಮದ ವಂಶವಾಹಿ ಬಂದದ್ದು ಕಾರ್ಕಳದ ಆಚೆಯ ಘಟ್ಟದ ಕಾಡುಗಳಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಗೊತ್ತಾಯಿತು.

ನೇತೃ

ದಾರಿ ಕಂಡಿತು, ದಾರಿ ತೋರಿಸುವವರು ಯಾರು? ಕಾಹಾಲ್ ಊಹಿಸಿದ್ದ ರಾಸಾಯನಿಕದ ಬೇಟೆ ನೂರು ವರ್ಷ ನಡೆಯಿತು. 1994ರಲ್ಲಿ ಅಮೆರಿಕದ ಮಾರ್ಕ್ ಟೆಸಿಯರ್-ಲವೀನ್ ಅವರ ಪ್ರಯೋಗಶಾಲೆಯಲ್ಲಿ ಸೆರಾಫಿನಿ, ಕೆನಡಿ ಮೊದಲಾದವರು ಸಾವಿರಾರು ಕೋಳಿಭ್ರೂಣಗಳ ಮಿದುಳನ್ನು ಅರೆದು, ಸೋಸಿ, ಕೊನೆಗೆ ನರದ ಎಳೆಗಳನ್ನು ತನ್ನತ್ತ ಎಳೆಯುವ ಪ್ರೋಟೀನನ್ನು ಹಿಡಿದರು. ಅದಕ್ಕೆ ಹೆಸರಿಡಲು ಅವರು ಗ್ರೀಕಿಗೂ ಲ್ಯಾಟಿನ್ನಿಗೂ ಹೋಗಲಿಲ್ಲ. ದಾರಿ ತೋರುವವನು ಎಂಬ ಅರ್ಥದ ಸಂಸ್ಕೃತದ 'ನೇತೃ' ಶಬ್ದದಿಂದ 'ನೆಟ್ರಿನ್' ಎಂದರು. ನಮ್ಮ ನೇತಾರ, ನೇತೃತ್ವಗಳ ಅದೇ ನೇತೃ. ಕಣ್ಣಿಗೆ ನೇತ್ರವೆಂಬ ಹೆಸರು ಬಂದದ್ದೂ ಅದು ನಮ್ಮನ್ನು ನಡೆಸಿಕೊಂಡು ಹೋಗುತ್ತದೆಂದೇ. ಕಣ್ಣಿನ ನರಗಳ ಕಥೆಯಲ್ಲಿ ಆ ಶಬ್ದ ಬಂದು ಕೂತದ್ದು ಸೋಜಿಗ.

ಮರುವರ್ಷ ಇನ್ನೊಂದು ತಿರುವು. ಇದೇ ನೆಟ್ರಿನ್ ಕೆಲವು ನರಗಳನ್ನು ಕರೆದರೆ, ನಾಲ್ಕನೆಯ ಕಪಾಲನರದ ಎಳೆಗಳನ್ನು ದೂರ ತಳ್ಳುತ್ತದೆ. ಉಳಿದ ಚಾಲಕ ನರಗಳು ಮಿದುಳಿನ ಕೆಳಗಿನಿಂದಲೋ ಪಕ್ಕದಿಂದಲೋ ಹೊರಬಿದ್ದರೆ ನಾಲ್ಕನೆಯದು ಮಾತ್ರ ಬೆನ್ನಿನ ಕಡೆಯಿಂದ ಏಕೆ ಹೊರಬೀಳುತ್ತದೆ ಎಂಬ ಹಳೆಯ ಒಗಟಿಗೆ ಇದರಿಂದ ಒಂದು ಎಳೆ ಸಿಕ್ಕಿತು. 1901ರಿಂದ ಕಾಪುವಿನ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭವನ್ನು ಮೀನುಗಾರರು ನೋಡುವ ಬಗೆಯೂ ಇಂಥದ್ದೇ. ಊರಿಗೆ ಮರಳುವವನಿಗೆ ಅದು ಇತ್ತ ಬಾ ಎನ್ನುತ್ತದೆ. ಬಂಡೆಯ ಹತ್ತಿರ ಸರಿದವನಿಗೆ ದೂರ ಹೋಗು ಎನ್ನುತ್ತದೆ. ದೀಪ ಒಂದೇ. ವ್ಯತ್ಯಾಸ ಇರುವುದು ದೋಣಿಯಲ್ಲಿ, ಎಂದರೆ ಆ ಸಂಕೇತವನ್ನು ಓದುವ ನರದ ಯಂತ್ರದಲ್ಲಿ.

ಓದುವ ಯಂತ್ರವೇ ಕೆಟ್ಟರೆ? ಡ್ಯುಯೇನ್ ಸಿಂಡ್ರೋಮ್ ವಂಶದಲ್ಲಿ ಹರಿದುಬಂದ ಕೆಲವು ಕುಟುಂಬಗಳಲ್ಲಿ ಸಿಎಚ್‌ಎನ್-1 ಎಂಬ ವಂಶವಾಹಿ ತಪ್ಪಿರುವುದು 2008ರಲ್ಲಿ ಪತ್ತೆಯಾಯಿತು. ಅದು ತಯಾರಿಸುವ ಪ್ರೋಟೀನು ಬೆಳವಣಿಗೆಯ ಶಂಕುವಿನೊಳಗೆ ಸಂಕೇತಗಳನ್ನು ಸಾಗಿಸುವಂಥದ್ದು. ತಪ್ಪಿದ ವಂಶವಾಹಿಯಿಂದ ಅದು ಅತಿ ಚುರುಕಾಗುತ್ತದೆ. ಇದು ನಿಜವಾಗಿ ನರದ ದಾರಿ ತಪ್ಪಿಸಬಲ್ಲುದೇ ಎಂದು ನೋಡಲು ವಿಜ್ಞಾನಿಗಳು ಮತ್ತೆ ಮೊಟ್ಟೆಯ ಕಿಟಕಿಗೇ ಬಂದರು. ಮನುಷ್ಯರ ಆ ತಪ್ಪು ವಂಶವಾಹಿಯನ್ನು ಕೋಳಿಭ್ರೂಣದ ಮಿದುಳಿಗೆ ಕೊಟ್ಟಾಗ, ಕಣ್ಣಿನ ಕಡೆಗೆ ಹೊರಟ ಮೂರನೆಯ ಕಪಾಲನರದ ಎಳೆಗಳು ದಾರಿಯಲ್ಲೇ ನಿಂತುಬಿಟ್ಟವು, ಸ್ನಾಯುಗಳನ್ನು ತಲುಪಲಿಲ್ಲ. 2016ರಲ್ಲಿ ಇನ್ನು ಕೆಲವು ಕುಟುಂಬಗಳಲ್ಲಿ ಮ್ಯಾಫ್-ಬಿ ಎಂಬ ಬೇರೊಂದು ವಂಶವಾಹಿಯ ದೋಷ ಸಿಕ್ಕಿತು. ಅದರ ಕೆಲಸ ಹಿಂಮಿದುಳಿನ ಐದು ಮತ್ತು ಆರನೆಯ ಖಂಡಗಳನ್ನು ಕಟ್ಟುವುದು. ಖಂಡ ಕಟ್ಟದಿದ್ದರೆ ಅಲ್ಲಿಂದ ಹೊರಡಬೇಕಾದ ಆರನೆಯ ನರ ಹುಟ್ಟುವುದಿಲ್ಲ. ಖಾಲಿ ಬಿದ್ದ ಸ್ನಾಯುವಿಗೆ ಮೂರನೆಯ ನರದ ಕವಲು ಬಂದು ಸೇರುತ್ತದೆ. ಶವಪರೀಕ್ಷೆಯಲ್ಲಿ ಕಂಡದ್ದು ಅದೇ.

ಹಾಗೆಂದು ಎಲ್ಲ ಮಕ್ಕಳ ಕಾರಣವೂ ತಿಳಿಯಿತೆಂದಲ್ಲ. ಈ ತೊಂದರೆಯಿರುವ ಬಹುಪಾಲು ಮಕ್ಕಳ ಮನೆತನದಲ್ಲಿ ಬೇರೆ ಯಾರಿಗೂ ಅದು ಇರುವುದಿಲ್ಲ. ಬಾರದ ನರವನ್ನು ತಂದುಕೊಡುವ ಮದ್ದೂ ಇಲ್ಲ. ಶಸ್ತ್ರವೈದ್ಯರು ಸ್ನಾಯುಗಳ ಹಿಡಿತವನ್ನು ಸಡಿಲಿಸಿಯೋ ಜಾಗ ಬದಲಿಸಿಯೋ ಮುಖದ ವಾಲಿಕೆಯನ್ನು ಕಡಿಮೆ ಮಾಡಬಲ್ಲರು. ತೊಂದರೆ ಅಲ್ಪವಿದ್ದರೆ ಅದೂ ಬೇಡವೆನ್ನುತ್ತಾರೆ. ಮಗು ನೋಡಬೇಕಾದ ಕಡೆಗೆ ಕಣ್ಣಿನ ಬದಲು ತಲೆ ತಿರುಗಿಸಲು ಕಲಿತಿರುತ್ತದೆ. ಗ್ರಹಣದ ಪ್ರಶ್ನೆ ಕೇಳಿಸಿಕೊಂಡ ತಾಯಿಗೆ ಇಷ್ಟನ್ನಂತೂ ಈಗ ಹೇಳಬಹುದು: ದಾರಿ ತಪ್ಪಿದ್ದು ನಾಲ್ಕನೆಯ ವಾರಕ್ಕೂ ಎಂಟನೆಯ ವಾರಕ್ಕೂ ನಡುವೆ, ಅಕ್ಕಿಯ ಕಾಳಿಗಿಂತ ಚಿಕ್ಕದಾದ ಒಂದು ಹಿಂಮಿದುಳಿನಲ್ಲಿ.